ಮಘೆಯ ಕೆಳಗಿನ ಮೂರು ನಕ್ಷತ್ರಗಳು

ನೈನಿತಾಲ್
10 ನವೆಂಬರ್ 2024

ಫೋನಿನಲ್ಲಿ ‘ಹೂಂ’, ‘ಊಹೂಂ’ ಬಿಟ್ಟು ಮೂರನೇ ಮಾತಾಡದ ನನ್ನ ಮಗಳಿಗೆ,

ಕಾಗದ ನೋಡಿ ನಗಬೇಡ. ನಿನ್ನ ಜೊತೆ ಮಾತಾಡಲು ನನಗೆ ಬೇರೆ ದಾರಿ ಉಳಿದಿಲ್ಲ. ವಾಟ್ಸಾಪ್‌ನಲ್ಲಿ ಬರೆದರೆ ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ. ಫೋನು ಮಾಡಿದರೆ ನಿಮ್ಮಪ್ಪ ‘ಕೊಡ್ತೀನಿ ಇರು’ ಅನ್ನುತ್ತಾರೆ, ಆಮೇಲೆ ನಿಮ್ಮಜ್ಜಿ ಬಂದು ‘ಬಚ್ಚಲಲ್ಲವ್ಳೆ’ ಅನ್ನುತ್ತಾಳೆ. ಯಾವ ಹೊತ್ತಿಗೆ ಮಾಡಿದರೂ ಬಚ್ಚಲಲ್ಲೇ ಇರುವ ಹುಡುಗಿಗೆ ನೆಗಡಿ ಹತ್ತಿಕೊಳ್ಳಲಿಲ್ಲವಾ ಎಂದು ನನಗೆ ಚಿಂತೆ.

ನಿನಗೆ ಕೋಪ ಬಂದಿದೆ. ಬರಲಿ. ಈ ವಯಸ್ಸಿನಲ್ಲಿ ಇವಳಿಗೇನು ಪಿಎಚ್‌ಡಿ ಹುಚ್ಚು, ಮನೆ ಬಿಟ್ಟು ಹೋದಳಲ್ಲ ಎಂದು ಕ್ವಾರ್ಟರ್ಸ್ ತುಂಬ ಮಾತಾಡಿಕೊಂಡದ್ದು ನನಗೂ ಗೊತ್ತು. ನಾನು ಬಿಟ್ಟು ಬಂದಿಲ್ಲ ಲಿಖಿ. ಕಾಲೇಜಿಗೆ ಎರಡು ವರ್ಷದ ರಜೆ ಬರೆದುಕೊಟ್ಟು ಬಂದಿದ್ದೇನೆ. ಬರುವ ಜೂನ್‌ಗೆ ಅದು ಮುಗಿಯುತ್ತದೆ, ನಾನು ವಾಪಸು ಬಂದು ನಿನ್ನ ಸೆಕೆಂಡ್ ಪಿಯುಸಿ ತಲೆ ಮೇಲೆ ಕೂರುತ್ತೇನೆ. ಆಗ ‘ಯಾಕಾದರೂ ಬಂದಳೋ’ ಅನ್ನುವವಳು ನೀನೇ.

ಇಲ್ಲಿ ಏನು ಮಾಡುತ್ತಿದ್ದೇನೆ ಎಂದು ನೀನು ಒಂದು ಸಲವೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಪಾಠ ಹೇಳುವವರ ಚಟ. ಮಘಾ ನಕ್ಷತ್ರ ನಿಮ್ಮಜ್ಜಿಗೆ ಗೊತ್ತು, ಮಘೆ ಮಳೆಯ ಮಘೆ. ಅದರಿಂದ ಸ್ವಲ್ಪ ದಕ್ಷಿಣಕ್ಕೆ, ಬರಿಗಣ್ಣಿಗೆ ಕಾಣದಷ್ಟು ಮಬ್ಬಾಗಿ ಒಂದು ಕುಬ್ಜ ಗೆಲಾಕ್ಸಿ ಇದೆ. ನಮ್ಮ ಆಕಾಶಗಂಗೆಯಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿದ್ದರೆ ಅದರಲ್ಲಿ ಕೆಲವು ಲಕ್ಷ ಇದ್ದಾವು. ದೊಡ್ಡ ಗೆಲಾಕ್ಸಿಗಳು ಇಂಥ ಚಿಕ್ಕವನ್ನು ನುಂಗಿ ನುಂಗಿಯೇ ದೊಡ್ಡವಾದದ್ದು. ನುಂಗುವವರ ಬಾಯಿಗೆ ಸಿಗದೆ ಉಳಿದ ಕೆಲವು ನಮ್ಮ ಸುತ್ತ ಇನ್ನೂ ಇವೆ. ಅವುಗಳಲ್ಲಿ ತೀರಾ ಹಳೆಯ ನಕ್ಷತ್ರಗಳು ಸಿಗುತ್ತವೆ. ಹಳೆಯದು ಎಂದು ತಿಳಿಯುವುದು ಹೇಗೆ? ಕಬ್ಬಿಣದಿಂದ. ಮೊಟ್ಟಮೊದಲು ಲೋಕದಲ್ಲಿ ಕಬ್ಬಿಣವೇ ಇರಲಿಲ್ಲ. ನಕ್ಷತ್ರಗಳೇ ಅದನ್ನು ಒಡಲಲ್ಲಿ ಬೇಯಿಸಿ, ಸತ್ತು, ಚೆಲ್ಲಿ, ಮುಂದಿನ ತಲೆಮಾರಿಗೆ ಕೊಟ್ಟವು. ಹಾಗಾಗಿ ಕಬ್ಬಿಣ ಕಮ್ಮಿ ಇದ್ದಷ್ಟೂ ನಕ್ಷತ್ರ ಹಳೆಯ ಕಾಲದ್ದು. ಒಂದೊಂದು ನಕ್ಷತ್ರದ ಬೆಳಕನ್ನೂ ಬಿಡಿಸಿ ಅದರಲ್ಲಿ ಕಬ್ಬಿಣ ಎಷ್ಟಿದೆ, ಅದು ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ನೋಡುತ್ತೇನೆ. ಇಷ್ಟೇ ನನ್ನ ಕೆಲಸ. ಇದನ್ನು ಮುಗಿಸದೆ ನನಗೆ ನಿದ್ದೆ ಹತ್ತುವುದಿಲ್ಲ.

ಬೈದಾದರೂ ಬರೆ.

ಎರಡು ಸ್ವೆಟರ್ ಹಾಕಿಕೊಂಡು ನಡುಗುತ್ತಿರುವ ನಿನ್ನ ಅಮ್ಮ,
ಭಾರ್ಗವಿ

•

ಕೆಜಿಎಫ್
24 ನವೆಂಬರ್ 2024

ಅಮ್ಮ,

ನಾನು ಬಚ್ಚಲಲ್ಲಿ ಇರಲಿಲ್ಲ. ಹಿತ್ತಲಲ್ಲಿ ಇದ್ದೆ.

ನಿನ್ನ ಕಾಗದವನ್ನು ಮೊದಲು ಅಪ್ಪ ಒಡೆದು ಓದಿದರು. ಆಮೇಲೆ ಅಜ್ಜಿಗೆ ಓದಿ ಹೇಳಿದರು. ಅಷ್ಟರಲ್ಲಿ ಪಕ್ಕದ ಮನೆ ಸೆಲ್ವಿ ಆಂಟಿ ಮೊಸರಿಗೆ ಹೆಪ್ಪು ಕೇಳಲು ಬಂದವರು ಅವರೂ ಕೂತು ಕೇಳಿದರು. ಕೊನೆಗೆ ನನ್ನ ಕೈಗೆ ಬಂತು. ಇನ್ನು ಮೇಲೆ ಕವರಿನ ಮೇಲೆ ನನ್ನ ಹೆಸರನ್ನು ದಪ್ಪಕ್ಕೆ ಬರೆ.

ಕಬ್ಬಿಣದ ವಿಷಯಕ್ಕೆ ಅಜ್ಜಿ ಹೇಳಿದ್ದು: “ನನ್ಗೂ ಡಾಕ್ಟ್ರು ರಕ್ತದಲ್ಲಿ ಕಬ್ಣ ಕಮ್ಮಿ ಅಂದವ್ರೆ. ನನ್ಗೂ ವಯ್ಸಾಗದೆ. ಇದ್ನ ಕಂಡಿಡಿಯಕ್ಕೆ ಅಷ್ಟು ದೂರ ಓಗ್ಬೇಕಿತ್ತಾ?” ಸೆಲ್ವಿ ಆಂಟಿ ಹೇಳಿದ್ದು: “ಅಯ್ಯೋ ಸಾಮಿ, ಈ ಊರಲ್ಲಿ ಚಿನ್ನ ಹುಡುಕಿ ಮುಗೀತು, ನಿಮ್ಮಮ್ಮ ಮೇಲೆ ಕಬ್ಬಿಣ ಹುಡುಕ್ತಾರಾ?” ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ನಿನಗೆ ಹೇಳಬಾರದು ಅಂದುಕೊಂಡಿದ್ದೆ.

ಹೋದ ಜೂನ್‌ನಲ್ಲಿ ಬಂದು ನಿನ್ನ ಕಾಲೇಜಿನಲ್ಲೇ ನನ್ನನ್ನು ಸೇರಿಸಿ ನೀನು ಮತ್ತೆ ಹೊರಟುಹೋದೆಯಲ್ಲ, ಅದು ಹೇಗಿರುತ್ತದೆ ಗೊತ್ತಾ? ಪೇರೆಂಟ್ಸ್ ಮೀಟಿಂಗಿಗೆ ಅಪ್ಪ ಕಾರ್ಖಾನೆಯ ಯೂನಿಫಾರ್ಮ್‌ನಲ್ಲೇ ಬಂದಿದ್ದರು. ಎಲ್ಲರೂ ನನ್ನ ಮಾರ್ಕ್ಸ್ ಬಿಟ್ಟು ‘ಮೇಡಂ ಯಾವಾಗ ಬರ್ತಾರೆ’ ಎಂದೇ ಕೇಳಿದರು. ನಿನ್ನ ಜಾಗಕ್ಕೆ ಬಂದಿರುವವರು ನೋಟ್ಸ್ ಓದಿ ಹೇಳುತ್ತಾರೆ. ನಿನ್ನ ಹಾಗೆ ಬೋರ್ಡಿಗೆ ಗುದ್ದಿ ಕಿರುಚುವುದಿಲ್ಲ. ಕ್ಲಾಸು ತಣ್ಣಗಿದೆ. ನನಗೆ ಫಿಸಿಕ್ಸ್ ತಲೆಗೆ ಹೋಗುತ್ತಿಲ್ಲ.

ನನಗೆ ಒಂದು ಬೇಕು. ನಕ್ಷತ್ರ, ಗೆಲಾಕ್ಸಿ ಏನೂ ಇಲ್ಲದ ಒಂದು ಕಾಗದ. ಅದರಲ್ಲಿ ‘ಜೂನ್‌ಗೆ ಬರುತ್ತೇನೆ’ ಎಂದು ಬರೆದು ಸೈನ್ ಮಾಡಿ ಕಳಿಸು.

ಲಿಖಿತ

•

ನೈನಿತಾಲ್
4 ಡಿಸೆಂಬರ್ 2024

ಜೂನ್‌ಗೆ ಬರುತ್ತೇನೆ.

ಭಾರ್ಗವಿ
(ನಿನ್ನ ಅಮ್ಮ)

•

ಕೆಜಿಎಫ್
2 ಫೆಬ್ರವರಿ 2025

ಅಮ್ಮ,

ನೀನು ಬಂದುಹೋದ ಮೇಲೆ ಮನೆ ಚೆನ್ನಾಗಿಲ್ಲ. ಬರದೇ ಇದ್ದಿದ್ದರೆ ಅಭ್ಯಾಸವಾಗಿಹೋಗಿತ್ತು.

ರೈಲು ಇಳಿದ ತಕ್ಷಣ ಬ್ಯಾಗನ್ನು ಅಪ್ಪನ ಕೈಗೆ ಕೊಟ್ಟು ‘ಜನವರಿಯ ನಕ್ಷತ್ರಗಳ ಲೆಕ್ಕ ಎಲ್ಲ ಗಾಡಿಯಲ್ಲೇ ಮುಗಿಸ್ಕೊಂಡು ಬಂದಿದೀನಿ, ಇನ್ನು ಹೊರಡೋವರೆಗೂ ಲ್ಯಾಪ್‌ಟಾಪ್ ಮುಟ್ಟಲ್ಲ’ ಅಂದೆ. ನಾನು ನಂಬಲಿಲ್ಲ. ಆದರೆ ನಿಜವಾಗಿಯೂ ಮುಟ್ಟಲಿಲ್ಲ. ಅಜ್ಜಿ ಊರಿಗೆ, ಕ್ಯಾಸಂಬಳ್ಳಿಗೆ, ಅಪ್ಪನ ಬೈಕನ್ನೇ ತೆಗೆದುಕೊಂಡು ನಾವಿಬ್ಬರೂ ಹೋದದ್ದು (ಅಜ್ಜಿ ಮೊದಲೇ ಬಸ್ಸಿನಲ್ಲಿ ಹೋಗಿದ್ದಳು), ಜಗುಲಿ ಮೇಲೆ ಕೂತು ಅವರೆಕಾಳು ಹಿತುಕಿದ್ದು, ನೀನು ಹಿತುಕಿದ್ದೆಲ್ಲ ಗೋಡೆಗೆ ಹಾರಿ ಅಜ್ಜಿ ಬೈದದ್ದು. “ಡಾಕ್ಟ್ರು ಆಗ್ತಾಳಂತೆ, ಕಾಳು ಇತುಕಕ್ಕೆ ಬರಲ್ಲ!” ಆ ಸಾರಿನ ರುಚಿ ಈಗಲೂ ಬಾಯಲ್ಲಿದೆ.

ಸ್ಟೇಷನ್‌ನಲ್ಲಿ ನೀನು ಅತ್ತೆ. ನಾನು ಅಳಲಿಲ್ಲ. ಮನೆಗೆ ಬಂದು ಅತ್ತೆ. ಬರೆದುಬಿಡೋಣ ಅನ್ನಿಸಿತು.

ಪರೀಕ್ಷೆ ಹತ್ತಿರ ಬಂತು. ಓದಬೇಕು.

ಲಿಖಿತ

•

ನೈನಿತಾಲ್
9 ಮಾರ್ಚ್ 2025

ಕೆಮಿಸ್ಟ್ರಿ ಪರೀಕ್ಷೆಗೆ ಹೆದರಿ ಕೂತಿರುವ ಜಾಣೆಗೆ,

ಪರೀಕ್ಷೆ ಮುಗಿಯುವವರೆಗೂ ಹೇಳಬಾರದು ಅಂದುಕೊಂಡಿದ್ದೆ. ತಡೆಯಲು ಆಗುತ್ತಿಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಕುಬ್ಜ ಗೆಲಾಕ್ಸಿಯ ನಡುಭಾಗದ ನಕ್ಷತ್ರಗಳನ್ನು ನೋಡಿದ್ದೆ. ಈ ಜನವರಿಯಲ್ಲಿ ಅದರ ಅಂಚಿನಲ್ಲಿರುವ ಮೂರನ್ನು ನೋಡಿದೆ. ಮೂರರಲ್ಲೂ ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅದಕ್ಕಿಂತ ದೊಡ್ಡ ವಿಷಯ, ಮೂರೂ ಉಳಿದವುಗಳ ಜೊತೆಗೆ ಸಾಗುತ್ತಿಲ್ಲ. ಅವುಗಳ ವೇಗವೇ ಬೇರೆ. ಅಂದರೆ ಅವು ಆ ಗೆಲಾಕ್ಸಿಯಲ್ಲಿ ಹುಟ್ಟಿದವಲ್ಲ. ಈ ಚಿಕ್ಕದು ಒಂದು ಕಾಲದಲ್ಲಿ ತನಗಿಂತ ಚಿಕ್ಕದನ್ನು ನುಂಗಿದೆ, ಅದರ ಎಂಜಲು ಈ ಮೂರು. ಇಷ್ಟು ಸಣ್ಣದೂ ನುಂಗಿ ಬೆಳೆದದ್ದು ಎಂದು ತೋರಿಸಿಕೊಟ್ಟರೆ, ಗೆಲಾಕ್ಸಿಗಳು ಬೆಳೆದ ಕಥೆಯಲ್ಲಿ ಒಂದು ಪುಟ ನಮ್ಮದು.

ನನ್ನ ಗೈಡ್ ನನಗಿಂತ ಚಿಕ್ಕವರು, ನನ್ನನ್ನೇ ‘ಮ್ಯಾಡಮ್’ ಅನ್ನುತ್ತಾರೆ. ಅವರು ಎದ್ದು ನಿಂತು ಕೈ ಕುಲುಕಿದರು. ಪ್ರಬಂಧ ಬರೆದು ಪತ್ರಿಕೆಗೆ ಕಳಿಸಿಬಿಟ್ಟಿದ್ದೇವೆ. ಇದು ಅಚ್ಚಾದರೆ ಥೀಸಿಸ್ ಮುಗಿದ ಹಾಗೆಯೇ. ಜೂನ್ ಎಂದು ಬರೆದುಕೊಟ್ಟಿದ್ದೆನಲ್ಲ, ಜೂನೇ.

ನಿಮ್ಮಪ್ಪನಿಗೆ ಹೇಳಿದೆ. ಫೋನಿನಲ್ಲೇ ಕುಣಿದರು.

ಖುಷಿಗೆ ಊಟ ಸೇರದ ನಿನ್ನ ಅಮ್ಮ,
ಭಾರ್ಗವಿ

•

ಕೆಜಿಎಫ್
23 ಮಾರ್ಚ್ 2025

ಅಮ್ಮ,

ಅಪ್ಪ ಫೋನಿನಲ್ಲಿ ಮಾತ್ರ ಕುಣಿದಿದ್ದರೆ ಪರವಾಗಿರಲಿಲ್ಲ. ಮಾರನೇ ದಿನ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲ್ ಶ್ರೀನಿವಾಸಪ್ಪ ಸರ್‌ಗೆ ಹೇಳಿದ್ದಾರೆ. ಸರ್ ಮ್ಯಾನೇಜ್‌ಮೆಂಟಿಗೆ ಹೇಳಿದ್ದಾರೆ. ಈಗ ರಾಬರ್ಟ್‌ಸನ್‌ಪೇಟೆ ಸರ್ಕಲ್‌ನಲ್ಲಿ ನಿನ್ನ ಫ್ಲೆಕ್ಸ್ ನಿಂತಿದೆ!

ನಿನ್ನ ಹಳೇ ಐಡಿ ಕಾರ್ಡಿನ ಫೋಟೊ ದೊಡ್ಡದು ಮಾಡಿಸಿದ್ದಾರೆ. ಕಣ್ಣು ಅರ್ಧ ಮುಚ್ಚಿದೆ. ಹಿಂದೆ ಒಂದು ಸುರುಳಿ ಸುರುಳಿ ಗೆಲಾಕ್ಸಿ, ಕುಬ್ಜವೂ ಅಲ್ಲ ಏನೂ ಅಲ್ಲ, ನೆಟ್ಟಿನಿಂದ ತೆಗೆದದ್ದು. ‘ಆಕಾಶದ ರಹಸ್ಯ ಭೇದಿಸಿದ ಕೆಜಿಎಫ್‌ನ ಹೆಮ್ಮೆಯ ಪುತ್ರಿ’ ಅಂತೆ. ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿ, ಪ್ರಿನ್ಸಿಪಾಲ್ ಎಲ್ಲರ ಫೋಟೊ ಸಾಲಾಗಿ. ಅಜ್ಜಿ ಬಸ್ಸಿನಿಂದ ಇಳಿದು ಫ್ಲೆಕ್ಸ್ ಮುಂದೆ ನಿಂತುಬಿಟ್ಟಳು. ಹಾದು ಹೋಗುವವರಿಗೆಲ್ಲ “ನನ್ ಮಗ್ಳು, ನನ್ ಮಗ್ಳು” ಅನ್ನುತ್ತಿದ್ದಳು. ಅವಳನ್ನು ಅಲ್ಲಿಂದ ಎಳೆದುಕೊಂಡು ಬರಲು ಸಾಕುಬೇಕಾಯಿತು.

ಮೇ ಮೊದಲ ಭಾನುವಾರ ಕಾಲೇಜಿನಲ್ಲಿ ಸನ್ಮಾನ. ಬೆಂಗಳೂರಿಂದ ಒಬ್ಬ ನಿವೃತ್ತ ಅಧಿಕಾರಿ ಮುಖ್ಯ ಅತಿಥಿ. ನೀನು ಬರಲಾಗದಿದ್ದರೆ ನಿನ್ನ ಪರವಾಗಿ ನಾನು ಶಾಲು ತೆಗೆದುಕೊಳ್ಳಬೇಕಂತೆ. ಒಪ್ಪಿದೆ. ಸುಳ್ಳು ಯಾಕೆ ಹೇಳಲಿ, ಎರಡು ವರ್ಷದಲ್ಲಿ ಮೊದಲ ಸಲ ‘ಇವಳು ಭಾರ್ಗವಿ ಮೇಡಂ ಮಗಳು’ ಅಂದಾಗ ನನಗೆ ತಲೆ ಎತ್ತಬೇಕು ಅನ್ನಿಸಿತು.

ಆದರೆ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಅಷ್ಟು ದೂರದ ನಕ್ಷತ್ರ ಎಷ್ಟು ವೇಗದಲ್ಲಿ ಹೋಗುತ್ತಿದೆ ಅಂತ ಇಲ್ಲಿ ಕೂತು ಹೇಗೆ ಗೊತ್ತಾಗುತ್ತೆ? ಬೇರೆಯವುಗಳ ಜೊತೆ ಹೋಗುತ್ತಿಲ್ಲ ಅಂತ ಹೇಗೆ ಹೇಳ್ತೀರ? ಸ್ಟೇಜಿನ ಮೇಲೆ ನಾನು ಹಲ್ಲು ಕಿರಿಯಬಾರದು. ನನಗೆ, ಅಜ್ಜಿಗೆ, ಸೆಲ್ವಿ ಆಂಟಿಗೆ ಮೂವರಿಗೂ ಅರ್ಥವಾಗುವ ಹಾಗೆ ಬರೆ.

ಹೆಮ್ಮೆಯ ಪುತ್ರಿಯ ಪುತ್ರಿ,
ಲಿಖಿತ

•

ನೈನಿತಾಲ್
6 ಏಪ್ರಿಲ್ 2025

ನನ್ನ ಪರವಾಗಿ ಶಾಲು ಹೊದೆಯುವವಳಿಗೆ,

ಆ ಫೋಟೊ ಇಳಿಸಲು ನಿಮ್ಮಪ್ಪನಿಗೆ ಹೇಳು. ಊರಿಗೆ ಬರಲು ನಾಚಿಕೆಯಾಗುತ್ತದೆ.

ಕೇಳಿದ್ದು ಒಳ್ಳೆಯ ಪ್ರಶ್ನೆ. ಬಂಗಾರಪೇಟೆ ಜಂಕ್ಷನ್ ನೆನಪಿಸಿಕೋ. ನಮ್ಮೂರಿಗೆ ಬರುವ ಮಾರಿಕುಪ್ಪಂ ಗಾಡಿಯಲ್ಲಿ ಕಿಟಕಿ ಪಕ್ಕ ಕೂತಿದ್ದೀಯ. ಪಕ್ಕದ ಲೈನಿನಲ್ಲಿ ಬೆಂಗಳೂರಿನ ಗಾಡಿ ನಿಂತಿದೆ. ಅದು ಮೆಲ್ಲಗೆ ಜರುಗಿತು. ನೀನು ‘ಅಬ್ಬ, ನಮ್ಮದು ಹೊರಟಿತು’ ಅಂದುಕೊಳ್ಳುತ್ತೀಯ. ಆ ಕಡೆ ತಿರುಗಿ ಪ್ಲಾಟ್‌ಫಾರ್ಮಿನ ಕಂಬ ನೋಡಿದರೆ ನೀನು ಇದ್ದಲ್ಲೇ ಇದ್ದೀಯ. ನಿಮ್ಮಜ್ಜಿ ಒಂದು ಸಲ ಹೀಗೇ ಬೆಪ್ಪಾಗಿ, ನಾನು ಕೆಳಗೆ ನೀರು ಹಿಡಿಯುತ್ತಿದ್ದಾಗ ‘ಗಾಡಿ ಓಯ್ತು, ನನ್ ಮಗ್ಳು ಅಲ್ಲೇ ಉಳುದ್ಲು’ ಎಂದು ಬೋಗಿಯೆಲ್ಲ ಎಬ್ಬಿಸಿದ್ದಳು. ಗಾಡಿ ಕದಲಿರಲೇ ಇಲ್ಲ. ಯಾವುದು ಓಡುತ್ತಿದೆ, ಯಾವುದು ನಿಂತಿದೆ ಎಂದು ಹೇಳುವ ಮೊದಲು ನಾವು ಕೂತ ಗಾಡಿಯ ಸಮಾಚಾರ ಗೊತ್ತಿರಬೇಕು.

ನಕ್ಷತ್ರದ ಬೆಳಕನ್ನು ಬಿಡಿಸಿದರೆ ಅದರಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಆ ಗೆರೆಗಳು ಎಷ್ಟು ಸರಿದಿವೆ ಎಂಬುದರಿಂದ ವೇಗ ತಿಳಿಯುತ್ತದೆ. ಆದರೆ ನಾವು ಕೂತ ಗಾಡಿ ಈ ಭೂಮಿ. ಅದು ಸೂರ್ಯನ ಸುತ್ತ ಸೆಕೆಂಡಿಗೆ ಮೂವತ್ತು ಕಿಲೋಮೀಟರ್ ಓಡುತ್ತಿದೆ. ಜನವರಿಯಲ್ಲಿ ಅದು ನಮ್ಮ ಕುಬ್ಜ ಗೆಲಾಕ್ಸಿಯ ಕಡೆಗೆ ಓಡುತ್ತದೆ, ಏಪ್ರಿಲ್‌ನಲ್ಲಿ ಅದರಿಂದ ದೂರ ಓಡುತ್ತದೆ. ಹಾಗಾಗಿ ಮೊದಲು ನಮ್ಮ ಓಟವನ್ನು ಲೆಕ್ಕದಿಂದ ತೆಗೆದುಹಾಕಬೇಕು. ಏಪ್ರಿಲ್‌ನ ನಕ್ಷತ್ರಗಳಿಗೆ ಅದನ್ನು ತೆಗೆದೆ. ಆಮೇಲೆ ಜನವರಿಯ ಮೂರಕ್ಕೆ

10 ಏಪ್ರಿಲ್ 2025

ಲಿಖಿ,

ಮೇಲಿನದು ಭಾನುವಾರ ಬರೆದದ್ದು. ಅರ್ಧಕ್ಕೆ ಪೆನ್ನು ಇಟ್ಟು ಎದ್ದೆ. ಇವತ್ತು ಕೂತಿದ್ದೇನೆ. ಹರಿದು ಹಾಕಿ ಬೇರೆ ಬರೆಯಬಹುದಿತ್ತು. ಬೇಡ, ಇದ್ದ ಹಾಗೇ ಇರಲಿ.

ಜನವರಿಯ ಮೂರಕ್ಕೆ ನಾನು ಭೂಮಿಯ ಓಟವನ್ನು ತೆಗೆದಿರಲಿಲ್ಲ.

ಒಂದೇ ಒಂದು ಹೆಜ್ಜೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವಂಥದ್ದು. ಜನವರಿಯ ಲೆಕ್ಕವನ್ನು ಊರಿಗೆ ಬರುವಾಗ ರೈಲಿನಲ್ಲೇ ಮಾಡಿದೆ. ಬಂಗಾರಪೇಟೆ ಬರುವಷ್ಟರಲ್ಲಿ ಮುಗಿಸಬೇಕು, ಮನೆಯಲ್ಲಿ ಮುಟ್ಟಬಾರದು ಎಂದು ಹಟ. ಆ ಹೆಜ್ಜೆ ಬಿಟ್ಟುಹೋಯಿತು. ಉತ್ತರ ಎಷ್ಟು ಚೆನ್ನಾಗಿತ್ತೆಂದರೆ ಆಮೇಲೆ ತಿರುಗಿ ನೋಡುವ ಮನಸ್ಸೇ ಬರಲಿಲ್ಲ. ಗೈಡ್ ನನ್ನ ಮೇಲೆ ನಂಬಿಕೆ ಇಟ್ಟರು. ಇದರಲ್ಲಿ ನಿನ್ನ ತಪ್ಪು ಎಳ್ಳಷ್ಟೂ ಇಲ್ಲ, ಹಾಗೇನಾದರೂ ಅಂದುಕೊಂಡರೆ ಬಂದು ಕಿವಿ ಹಿಂಡುತ್ತೇನೆ. ಅವಸರ ನನ್ನದು.

ಆ ಓಟವನ್ನು ತೆಗೆದು ನೋಡಿದೆ. ಒಂದು ಸಲ ಅಲ್ಲ, ಕಣ್ಣು ಉರಿಯುವವರೆಗೂ ನೋಡಿದೆ. ಮೂರೂ ನಕ್ಷತ್ರಗಳು ಉಳಿದವುಗಳ ಜೊತೆಜೊತೆಗೇ ಸಾಗುತ್ತಿವೆ. ಅವು ಹೊರಗಿನಿಂದ ಬಂದವಲ್ಲ, ಆ ಮನೆಯವೇ. ಯಾರೂ ಯಾರನ್ನೂ ನುಂಗಿಲ್ಲ. ನಾನು ಕಂಡುಹಿಡಿದದ್ದು ನಾನು ಕೂತ ಗಾಡಿಯ ಓಟವನ್ನು, ಅಷ್ಟೇ.

ನಿನ್ನೆ ಬೆಳಗ್ಗೆ ಗೈಡ್ ಬಾಗಿಲು ತಟ್ಟಿ ಹೇಳಿದೆ. ಅವರು ಆ ಲೆಕ್ಕವನ್ನು ತಾವೇ ಒಂದು ಸಲ ಮಾಡಿ ನೋಡಿದರು. ಮಧ್ಯಾಹ್ನ ಪತ್ರಿಕೆಗೆ ಬರೆದು ಪ್ರಬಂಧವನ್ನು ವಾಪಸು ತೆಗೆದುಕೊಂಡೆವು. ರೂಮಿಗೆ ಬಂದು ಅತ್ತೆ. ಅತ್ತಾದ ಮೇಲೆ ಮುಖ ತೊಳೆದುಕೊಂಡು ಉಳಿದದ್ದೇನು ಎಂದು ನೋಡಿದೆ. ಉಳಿದದ್ದು ಕಬ್ಬಿಣ. ಭೂಮಿ ಹೇಗೆ ಓಡಿದರೂ ನಕ್ಷತ್ರದೊಳಗಿನ ಕಬ್ಬಿಣ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಮೂರೂ ತೀರಾ ಹಳೆಯವು ಎಂಬುದು ನಿಜ, ಮೂರೂ ಅಂಚಿನಲ್ಲಿವೆ ಎಂಬುದೂ ನಿಜ. ಹಾಗಿದ್ದರೆ ಆ ಗೆಲಾಕ್ಸಿಯ ಹಿರಿಯರೆಲ್ಲ ಹೊರ ಅಂಚಿನಲ್ಲೇ ಇದ್ದಾರಾ, ಕಿರಿಯರು ನಡುವೆ ಹುಟ್ಟಿದರಾ? ಮೂರು ನಕ್ಷತ್ರ ಇಟ್ಟುಕೊಂಡು ಅದನ್ನು ಹೇಳಲು ಬರುವುದಿಲ್ಲ. ಇನ್ನೂ ಹತ್ತಾರು ನೋಡಬೇಕು. ಆ ಗೆಲಾಕ್ಸಿಯನ್ನು ನೋಡುವ ಕಾಲ ಈ ವರ್ಷಕ್ಕೆ ಮುಗಿಯುತ್ತಾ ಬಂತು. ಅದು ಮತ್ತೆ ಚೆನ್ನಾಗಿ ಸಿಗುವುದು ಜನವರಿಯಲ್ಲಿ.

ಈಗ ನಿನಗೆ ಹೇಳಬೇಕಾದದ್ದು. ನಾನು ಜೂನ್‌ಗೆ ಬರುವುದಿಲ್ಲ. ಮುಂದಿನ ಏಪ್ರಿಲ್‌ವರೆಗೂ ಇಲ್ಲೇ ಇರುತ್ತೇನೆ. ನಿನ್ನನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಕೇಳಿದರೆ ಭಾರ ನಿನ್ನ ತಲೆಗೆ ಬೀಳುತ್ತದೆ. ಕಾಗದದಲ್ಲಿ ಬರೆದು ಸೈನ್ ಮಾಡಿದ ಮಾತನ್ನು ನಾನೇ ಮುರಿಯುತ್ತಿದ್ದೇನೆ. ನಿನ್ನ ಸೆಕೆಂಡ್ ಪಿಯುಸಿಯ ವರ್ಷ ನಾನು ಜೊತೆಯಲ್ಲಿ ಇರುವುದಿಲ್ಲ, ಅದು ನನ್ನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿದೆ. ಆದರೂ ತಪ್ಪನ್ನು ಅರ್ಧಕ್ಕೆ ಬಿಟ್ಟು ಬಂದು ನಿನಗೆ ಪಾಠ ಹೇಳಲು ನನಗೆ ಮುಖವಿಲ್ಲ.

ಪ್ರಿನ್ಸಿಪಾಲರಿಗೂ ಎಲ್ಲ ಬರೆದಿದ್ದೇನೆ. ಸನ್ಮಾನ ನಿಲ್ಲಿಸಲು ಹೇಳಿದ್ದೇನೆ.

ಎಷ್ಟು ಬೇಕಾದರೂ ಬೈಯಿ.

ಅಮ್ಮ,
ಭಾರ್ಗವಿ

•

ಕೆಜಿಎಫ್
21 ಏಪ್ರಿಲ್ 2025

ಭಾರ್ಗವಿ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ.

ಶ್ರೀನಿವಾಸಪ್ಪನವರ ಹತ್ತಿರ ಹೋಗಿದ್ದೆ. ಸನ್ಮಾನ ನಿಲ್ಲಿಸಲು ಆಗಲ್ಲ ಅಂದರು. ಮುಖ್ಯ ಅತಿಥಿ ದಿನ ಕೊಟ್ಟಾಗಿದೆ, ಶಾಮಿಯಾನ ಹೇಳಿಯಾಗಿದೆ, ಕಾರ್ಡು ಹಂಚಿಯಾಗಿದೆ. “ರವಿಕಿರಣ್, ಭೂಮಿ ಓಡ್ತಿದೆಯೋ ನಿಂತಿದೆಯೋ ಇಲ್ಲಿ ಯಾರು ಕೇಳ್ತಾರೆ? ಶಾಲು ಹಾಕಿ ಮುಗಿಸೋಣ. ಈ ಹೆಸರು ಇದ್ರೆ ಇನ್ನೊಂದು ವರ್ಷ ರಜೆಗೆ ನಾನು ಮ್ಯಾನೇಜ್‌ಮೆಂಟ್ ಹತ್ರ ಮಾತಾಡ್ಬೋದು. ತಪ್ಪಾಯ್ತು ಅಂತ ಊರಿಗೆಲ್ಲ ಸಾರಿದ್ರೆ ಜೂನ್ ಒಂದಕ್ಕೆ ಕೆಲಸಕ್ಕೆ ಬರ್ಬೇಕು, ಇಲ್ಲ ರಾಜೀನಾಮೆ ಕೊಡ್ಬೇಕು” ಅಂದರು. ಕೆಟ್ಟ ಮನುಷ್ಯ ಅಲ್ಲ. ಅವರಿಗೂ ಮೇಲಿನವರಿದ್ದಾರೆ.

ಈ ಫ್ಲೆಕ್ಸ್ ಗಲಾಟೆಗೆಲ್ಲ ಕಾರಣ ನಾನು. ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟಾಗುತ್ತಿರಲಿಲ್ಲ. ನಿನ್ನ ಮೇಲಿನ ಹೆಮ್ಮೆಯಲ್ಲಿ ಹೇಳಿಬಿಟ್ಟೆ. ಏನು ಮಾಡಬೇಕೆಂದು ನೀನು ಹೇಳು, ಹಾಗೇ ಮಾಡುತ್ತೇನೆ. ಮನೆ ನಡೆಯುತ್ತದೆ, ಆ ಯೋಚನೆ ಬೇಡ.

ಲಿಖಿ ನಿನ್ನ ಕಾಗದ ಓದಿ ಬಾಗಿಲು ಹಾಕಿಕೊಂಡವಳು ಸಂಜೆಯವರೆಗೂ ತೆಗೆಯಲಿಲ್ಲ. ನನ್ನ ಜೊತೆ ಒಂದು ಮಾತೂ ಆಡಿಲ್ಲ. ಅತ್ತೆ ಜೊತೆ ಏನೋ ಗುಸುಗುಸು ನಡೆಯುತ್ತಿದೆ.

ನಿನ್ನ,
ರವಿ

•

ನೈನಿತಾಲ್
28 ಏಪ್ರಿಲ್ 2025

ರೀ,

ಇದರ ಜೊತೆ ರಾಜೀನಾಮೆ ಬರೆದು ಇಟ್ಟಿದ್ದೇನೆ. ಕೇಳಿದರೆ ಕೊಟ್ಟುಬಿಡಿ, ಕೇಳುವವರೆಗೂ ಕೊಡಬೇಡಿ. ನಾನು ಮಾಡದ ಕೆಲಸಕ್ಕೆ ಹಾಕುವ ಶಾಲು ನಮ್ಮ ಮನೆಯ ಹೊಸ್ತಿಲು ದಾಟಬಾರದು. ಸನ್ಮಾನದ ದಿನ ನೀವು ಯಾರೂ ಹೋಗಬೇಡಿ. ಮುಖ್ಯವಾಗಿ ಲಿಖಿಯನ್ನು ಆ ಸ್ಟೇಜಿನ ಮೇಲೆ ನಿಲ್ಲಿಸಬೇಡಿ, ಅವಳಿಗೆ ನನ್ನಿಂದ ಆದದ್ದೇ ಸಾಕು.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಹೆಮ್ಮೆ ಪಡುವ ಗಂಡ ಎಲ್ಲರಿಗೂ ಸಿಗುವುದಿಲ್ಲ.

ಭಾರ್ಗವಿ

•

ಕೆಜಿಎಫ್
5 ಮೇ 2025

ಅಮ್ಮ,

ನೀನು ಹೋಗಬೇಡಿ ಅಂದಿದ್ದೆ. ನಾವು ಹೋದೆವು.

ಮೊದಲು ಕೋಪದ ವಿಷಯ ಹೇಳಿಬಿಡುತ್ತೇನೆ. ನಿನ್ನ ಕಾಗದ ಓದಿ ಬಂದ ಕೋಪಕ್ಕೆ ಅದನ್ನು ಒಲೆಗೆ ಹಾಕಬೇಕು ಅನ್ನಿಸಿತು. ಜೂನ್‌ಗೆ ಬರುವುದಿಲ್ಲ, ಕೇಳುತ್ತಿಲ್ಲ ಹೇಳುತ್ತಿದ್ದೇನೆ, ಅಂತೆ! ನಾನೇನು ನಿನ್ನ ಸ್ಟೂಡೆಂಟಾ? ಅಜ್ಜಿ ಬಾಗಿಲ ಹೊರಗೆ ಕೂತು ಕಾದಿದ್ದಳು. ಸಂಜೆ ತೆಗೆದಾಗ “ಬೈಯ್ಬೇಕಾದ್ರೆ ಬೈಯಿ, ಅಳ್ಬೇಕಾದ್ರೆ ಅಳು, ಆದ್ರೆ ಅವ್ಳು ತಪ್ಪು ಮಾಡಿ ಮುಚ್ಚಿಕ್ಕಂಡ್ಲು ಅಂತ ಮಾತ್ರ ಏಳ್ಬೇಡ. ನನ್ ಒಟ್ಟೇಲಿ ಉಟ್ಟಿರೋದು” ಅಂದಳು. ನಾನು ಅವಳಿಗೆ ಕಾಗದವನ್ನು ಮತ್ತೆ ಓದಿದೆ. ಗಾಡಿಯ ಭಾಗ ಬಂದಾಗ ಅವಳು, “ಊಂ, ನಾನೂ ಅಂಗೇ ಕೂಗಿದ್ದೆ, ಗಾಡಿ ಓಗಿರ್ಲಿಲ್ಲ” ಎಂದು ತಲೆ ಆಡಿಸಿದಳು. ಅವಳಿಗೆ ಅರ್ಥವಾಯಿತು ಅಮ್ಮ. ನನಗೂ ಅರ್ಥವಾಯಿತು.

ಅಪ್ಪ ಬೇಡ ಅಂದರು. ನೀವೂ ಬನ್ನಿ, ಇಲ್ಲದಿದ್ದರೆ ನಾನೂ ಅಜ್ಜಿಯೂ ಬಸ್ಸಿನಲ್ಲಿ ಹೋಗುತ್ತೇವೆ ಅಂದೆ. ಬೈಕಿನಲ್ಲಿ ಮೂವರೂ ಹೋದೆವು. ಸೆಲ್ವಿ ಆಂಟಿ ಆಟೋದಲ್ಲಿ ಬಂದರು.

ಕಾಲೇಜಿನ ಮೈದಾನ ತುಂಬಿತ್ತು. ಸ್ಟೇಜಿನ ಹಿಂದೆ ಅದೇ ಫ್ಲೆಕ್ಸ್. ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರ ಭಾಷಣ ಎಲ್ಲ ಆಯಿತು. ನೀನು ಹೊಸ ಗೆಲಾಕ್ಸಿಯನ್ನೇ ಕಂಡುಹಿಡಿದೆ ಎಂದು ಅಧ್ಯಕ್ಷರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರೀನಿವಾಸಪ್ಪ ಸರ್ ನನ್ನ ಹೆಸರು ಕರೆದರು. ಸರ್ ಶಾಲು ಬಿಡಿಸಿ ಹಿಡಿದುಕೊಂಡರು, ನಾನು ‘ಸರ್, ಒಂದ್ ನಿಮಿಷ’ ಅಂದು ಮೈಕಿನ ಹತ್ತಿರ ಹೋದೆ.

ಮನೆಯಲ್ಲಿ ಕನ್ನಡಿ ಮುಂದೆ ಏನೇನೋ ಕಲಿತುಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಇಷ್ಟು:

“ನಮ್ಮಮ್ಮ ಕಂಡುಹಿಡಿದದ್ದು ತಪ್ಪಾಗಿತ್ತು. ಅದು ತಪ್ಪು ಅಂತ ಕಂಡುಹಿಡಿದದ್ದೂ ನಮ್ಮಮ್ಮನೇ. ಬೇರೆ ಯಾರೂ ಹೇಳಿರ್ಲಿಲ್ಲ. ಅಚ್ಚಾಗೋಕೆ ಮುಂಚೇನೇ ಅವರೇ ವಾಪಸ್ ತಗೊಂಡ್ರು. ಆ ಎರಡನೇದಕ್ಕೆ ಶಾಲು ಹಾಕೋದಾದ್ರೆ ಹಾಕಿ ಸರ್, ತಗೋತೀನಿ. ಮೊದಲನೇದಕ್ಕೆ ಬೇಡ.”

ಸರ್ ಶಾಲು ಹಿಡಿದುಕೊಂಡು ಹಾಗೇ ನಿಂತಿದ್ದರು, ಹಾಕುವ ಹಾಗೂ ಇಲ್ಲ, ಮಡಚುವ ಹಾಗೂ ಇಲ್ಲ. ಅಧ್ಯಕ್ಷರು ಸರ್‌ನ ಮುಖ ನೋಡುತ್ತಿದ್ದರು. ನನಗೆ ಅಳು ಬರುವ ಹಾಗಾಯಿತು. ಆಗ ಮುಂದಿನ ಸಾಲಿನಿಂದ ಅಜ್ಜಿ ಎದ್ದು ನಿಂತು ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದಳು. “ಆಕಪ್ಪಾ, ಎರಡ್ನೇದಕ್ಕೇ ಆಕು! ಎಷ್ಟೊತ್ತು ಇಡ್ಕೊಂಡು ನಿಂತಿರ್ತೀಯ?”

ಯಾರೋ ನಕ್ಕರು. ಆಮೇಲೆ ಹಿಂದಿನ ಸಾಲಿನ ನಿನ್ನ ಹಳೇ ಸ್ಟೂಡೆಂಟ್ಸ್ ಚಪ್ಪಾಳೆ ಶುರು ಮಾಡಿದರು. ಸೆಲ್ವಿ ಆಂಟಿ ವಿಸಿಲ್ ಹೊಡೆದರು, ನಿಜವಾಗಿಯೂ. ಶ್ರೀನಿವಾಸಪ್ಪ ಸರ್ ಶಾಲು ಹಾಕಿದರು. ಹಾಕುವಾಗ ಮೆಲ್ಲಗೆ, “ನಿಮ್ಮಮ್ಮನ ಹಾಗೇ ಮಾತಾಡ್ತೀಯಲ್ಲಮ್ಮ” ಅಂದರು. ಬೈದರೋ ಹೊಗಳಿದರೋ ಗೊತ್ತಾಗಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅಪ್ಪ ಕೇಳುವ ಮೊದಲೇ ರಾಜೀನಾಮೆಯ ಕವರನ್ನು ಜೇಬಿನಿಂದ ತೆಗೆದು ಸರ್ ಎದುರಿಗೆ ಹಿಡಿದರು. ಸರ್ ಅದನ್ನು ನೋಡಿ, “ಅದನ್ನ ನೀವೇ ಇಟ್ಕೊಳ್ಳಿ, ಮ್ಯಾನೇಜ್‌ಮೆಂಟ್ ಮೀಟಿಂಗ್ ಆಗ್ಲಿ” ಅಂದರು. ಅಧ್ಯಕ್ಷರು ನಮ್ಮ ಕಡೆ ತಿರುಗಿಯೂ ನೋಡದೆ ಕಾರು ಹತ್ತಿದರು. ರಜೆ ಕೊಡುತ್ತಾರೋ ಇಲ್ಲವೋ, ನಿನ್ನ ಕೆಲಸ ಇರುತ್ತದೋ ಹೋಗುತ್ತದೋ ಗೊತ್ತಿಲ್ಲ.

ಒಂದು ಹೇಳುವುದನ್ನು ಬಿಟ್ಟೆ. ಶಾಲು ಹಾಕಿದ ಮೇಲೆ ಮುಖ್ಯ ಅತಿಥಿ ಮೈಕಿನಲ್ಲೇ ನನ್ನನ್ನು ಕೇಳಿದರು: “ಈಗ ನಿಮ್ಮ ತಾಯಿ ಏನು ಮಾಡ್ತಾರಮ್ಮ? ಊರಿಗೆ ಬರ್ತಾರಾ?” ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿದೆ: “ಇಲ್ಲ ಸರ್. ಜನವರಿಯಲ್ಲಿ ಮತ್ತೆ ನೋಡ್ತಾರೆ. ಸರಿಯಾದ್ದು ಏನು ಅಂತ ಆಮೇಲೆ ಬಂದು ಹೇಳ್ತಾರೆ.”

ಇಡೀ ಊರಿನ ಮುಂದೆ ಜನವರಿ ಅಂದುಬಿಟ್ಟಿದ್ದೇನೆ. ಮಗಳಿಗೆ ಬೇಜಾರು ಮಾಡಿದೆನಲ್ಲ ಎಂದು ನಿನಗೆ ಕರುಳು ಕಿತ್ತು ಬಂದು ಜೂನ್‌ನಲ್ಲಿ ರೈಲು ಹತ್ತಿಬಿಟ್ಟರೆ, ನೀನು ಕೊಟ್ಟ ಮಾತು ಉಳಿಯುತ್ತದೆ, ನಾನು ಕೊಟ್ಟ ಮಾತು ಹೋಗುತ್ತದೆ.

ಬರಬೇಡ.

ಲಿಖಿತ